ನಿಂತಾಗ ನಡುಗುವ ಕಾರಿನಲ್ಲಿ ಹುಮನಾಬಾದಿಗೆ

ಡಿಸೆಂಬರಿನ ಮೊದಲ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬಸವಕಲ್ಯಾಣದ ಬಸ್ ನಿಲ್ದಾಣದ ಎದುರಿನಿಂದ ಹೊರಟ ಬಿಳಿ ಕಾರು, ಮೂವತ್ತು ಕಿಲೋಮೀಟರ್ ಆಚೆಯ ಹುಮನಾಬಾದನ್ನು ಮಧ್ಯಾಹ್ನ ಎರಡೂವರೆಗೆ ತಲುಪಿತು. ನಡುವೆ ನಾರಾಯಣಪುರದ ಗುಡಿ ನೋಡಲು ಒಂದು ಗಂಟೆ ಹಿಡಿಯಿತು. ಉಳಿದದ್ದು ಎಂಜಿನ್ನಿಗೆ ಹೋಯಿತು.

ಚಾಲಕ ಬೀರಪ್ಪನಿಗೆ ಮೂವತ್ತರ ಆಸುಪಾಸು. ಮನೆತನದ ಕಸುಬು ಕುರಿ ಸಾಕಣೆ. ಅರ್ಧ ಹಿಂಡು ಮಾರಿ ಈ ಹಳೆಯ ಪೆಟ್ರೋಲ್ ಕಾರು ಕೊಂಡಿದ್ದ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಗೆ ನೌಕರರನ್ನು ಕರೆತರಲು ಬಾಡಿಗೆ ಕಾರು ಬೇಕಾಗಿತ್ತು. ಅಂದು ಮೂರು ಗಂಟೆಗೆ ಗೇಟಿನಲ್ಲಿ ಕಾರು ತೋರಿಸಬೇಕು. ಹೇಗೂ ಹೋಗುವವನಾದ್ದರಿಂದ, ಗುಡಿ ತೋರಿಸಿ ನನ್ನನ್ನು ಹುಮನಾಬಾದಿಗೆ ಬಿಡಲು ಏಳುನೂರು ರೂಪಾಯಿಗೆ ಒಪ್ಪಿದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಮಾಳಮ್ಮ, ತೊಡೆಯ ಮೇಲೆ ರೊಟ್ಟಿ ಗಂಟು ಇಟ್ಟುಕೊಂಡು ಕುಳಿತಿದ್ದರು. ಅವರು ಹುಮನಾಬಾದಿನಿಂದ ಬಸ್ಸು ಹಿಡಿದು ನಿರ್ಣಾದ ಮಗಳ ಮನೆಗೆ ಹೋಗುವವರು.

ಊರು ದಾಟುವ ಮೊದಲೇ ತೊಂದರೆ ಕಂಡಿತು. ಎಮ್ಮೆಗಳು ಅಡ್ಡ ಬಂದು ಕಾರು ನಿಂತಾಗ ಗೇರಿನ ಕಡ್ಡಿ ನಡುಗಿತು; ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿದಂತೆ ಕಾಣಿಸಿತು. ಓಡತೊಡಗಿದರೆ ಏನೂ ಇಲ್ಲ.

"ನಿನ್ನಿ ತನಕ ಹಿಂಗಿದ್ದಿಲ್ರಿ," ಎಂದ ಬೀರಪ್ಪ. "ರಾತ್ರಿ ಪೆಟ್ರೋಲ್ ಹಾಕಿಸೀನಿ. ಅದರಾಗ ಏನ್ ಬೆರೆತದೋ."

ಕಾರ್ಖಾನೆಯವರ ಪರೀಕ್ಷೆ ಏನೆಂದು ಕೇಳಿದೆ.

"ಎಂಜಿನ್ ಚಾಲೂ ಇಟ್ಟು, ಅದರ ಮ್ಯಾಲ ತುಂಬಿದ ನೀರಿನ ಗ್ಲಾಸ್ ಇಡ್ತಾರ್ರಿ. ಚೆಲ್ಲಿತು ಅಂದ್ರ ಗಾಡಿ ವಾಪಸ್. ನನ್ನ ಹಿಂದ ಇನ್ನಾ ಎರಡು ಗಾಡಿ ಕಾಯಾಕತ್ತಾವ."

ನಾರಾಯಣಪುರದ ಶಿವನ ಗುಡಿಯ ಕಲ್ಲು ಬಿಸಿಲೇರಿದರೂ ತಣ್ಣಗಿತ್ತು. ಹೊರಗೋಡೆಯ ಶಿಲ್ಪಗಳಲ್ಲಿ ಕೆಲವು ಸವೆದಿವೆ. ಉಳಿದವುಗಳ ಒಡವೆಯ ಮಣಿಗಳನ್ನು ಈಗಲೂ ಎಣಿಸಬಹುದು. ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ, ರಸ್ತೆಯಲ್ಲಿ ಚಾಲೂ ಇಟ್ಟು ನಿಲ್ಲಿಸಿದ ಕಾರು ಎರಡು ಸಲ ತಾನಾಗಿ ಆರಿತು.

"ಗಾಡಿಗೂ ಥಂಡಿ ಹತ್ತೇದ," ಎಂದರು ಮಾಳಮ್ಮ.

"ಅವ್ವಾ, ಇದು ಕುರಿ ಅಲ್ಲ."

"ಕುರಿ ಆಗಿದ್ರ ಇಷ್ಟೊತ್ತಿಗೆ ಏನಾಗೇದಂತ ನಾನೇ ಹೇಳ್ತಿದ್ದೆ."

ಹೆದ್ದಾರಿ ಸೇರುವ ಸಸ್ತಾಪುರ ಬಂಗ್ಲಾದಲ್ಲಿ ತಗಡಿನ ಶೆಡ್ಡಿನ ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್ ಚಾಂದಪಾಶಾ ಬಾನೆಟ್ ಎತ್ತಿ, ಪ್ಲಗ್ ಹೋಗಿರಬೇಕು ಎಂದರು. ಎಂಜಿನ್ ಓಡುತ್ತಿದ್ದಂತೆಯೇ ನಾಲ್ಕು ಪ್ಲಗ್ಗುಗಳ ಸಂಪರ್ಕವನ್ನು ಒಂದೊಂದಾಗಿ ತಪ್ಪಿಸಿದರು. ಪ್ರತಿ ಸಲವೂ ನಡುಕ ಇನ್ನಷ್ಟು ಹೆಚ್ಚಿತು. ಯಾವುದಾದರೂ ಒಂದು ಸತ್ತಿದ್ದರೆ, ಅದನ್ನು ತಪ್ಪಿಸಿದಾಗ ವ್ಯತ್ಯಾಸವೇ ಆಗುತ್ತಿರಲಿಲ್ಲ. ಹಾಗಾಗಿ ಪ್ಲಗ್ ಅಲ್ಲ. ಸ್ವಲ್ಪ ಪೆಟ್ರೋಲನ್ನು ಬಾಟಲಿಗೆ ಇಳಿಸಿ ನೋಡಿದರು. ತಳದಲ್ಲಿ ನೀರು ನಿಲ್ಲಲಿಲ್ಲ; ಪೆಟ್ರೋಲೂ ಅಲ್ಲ. ಗಾಳಿ ಒಳಗೆ ಹೋಗುವ ದಾರಿಯ ಮಸಿಯನ್ನು ಸ್ಪ್ರೇ ಹೊಡೆದು ಒರೆಸಿದರು. ಕಾರು ಮೊದಲಿನಂತೆಯೇ ನಡುಗಿತು.

"ಪೂರಾ ಬಿಚ್ಚಬೇಕಾಗ್ತದ. ನಾಳಿ ಬಾ," ಎಂದರು.

"ಇವತ್ತಿನ ಮೂರು ಗಂಟೆ ನಾಳಿಗೆ ಬರ್ತದೇನ್ ಭಾಯ್?" ಎಂದ ಬೀರಪ್ಪ.

ಮಾಳಮ್ಮ ಬೆಂಚಿನ ಮೇಲೆ ಗಂಟು ಬಿಚ್ಚಿ ಎಲ್ಲರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಮಗ ಮುಟ್ಟಲಿಲ್ಲ. ಚಾಂದಪಾಶಾ ತಿಂದು, ಕೈ ಒರೆಸಿಕೊಂಡು, ಇನ್ನೊಮ್ಮೆ ಎಂಜಿನ್ ಹಿಂಭಾಗಕ್ಕೆ ಕೈ ಇಳಿಸಿದರು. ಮಾಳಮ್ಮ ದಡಕ್ಕನೆ ಎದ್ದರು.

"ಏ ತಮ್ಮಾ, ಅಲ್ಲಿ ಕೈ ಹಚ್ಚಬ್ಯಾಡ!"

"ಯಾಕ ಮೌಸಿ, ಕರೆಂಟ್ ಹೊಡೀತದೇನ?"

"ದೃಷ್ಟಿಗಂತ ಕರಿದಾರ ಕಟ್ಟೀನಿ."

ಬೀರಪ್ಪ ತಿರುಗಿದ. "ಯಾವಾಗ ಕಟ್ಟಿದಿ?"

"ನಿನ್ನಿ ಸಂಜಿಕ. ಮುಂದ ಕಟ್ಟಿದ್ರ ಕಂಪನಿಯವರು ನಗ್ತಾರಂತ ನೀನೇ ಅಂದೆಲ್ಲಾ? ಅದಕ್ಕ ಕಾಣಲಾರದಂಗ ಒಳಗ ಕಟ್ಟೀನಿ."

ಮೊಬೈಲಿನ ಬೆಳಕು ಬಿಟ್ಟಾಗ ದಾರ ಕಂಡಿತು. ಅವರದೇ ಕುರಿಯ ಕಪ್ಪು ಉಣ್ಣೆಯನ್ನು ಹೊಸೆದ ದಾರ, ಬೆರಳು ಗಾತ್ರದ ರಬ್ಬರ್ ಪೈಪಿಗೆ ಮೂರು ಸುತ್ತು. ಜಗ್ಗಿ ಗಂಟು ಹಾಕುವಾಗ, ಎಂಜಿನ್ನಿಗೆ ಸೇರುವ ಜಾಗದಲ್ಲಿ ಹಳೆಯ ರಬ್ಬರು ಸೀಳಿಹೋಗಿತ್ತು. ಚಾಂದಪಾಶಾ ಎಂಜಿನ್ ಚಾಲೂ ಮಾಡಿಸಿ, ಸೀಳನ್ನು ಬೆರಳಿನಿಂದ ಒತ್ತಿ ಹಿಡಿದರು. ಎಂಜಿನ್ ಸದ್ದು ಒಂದೇ ಸಮನಾಯಿತು. ಬೆರಳು ತೆಗೆದರು, ನಡುಗಿತು. ಮತ್ತೆ ಒತ್ತಿದರು, ನಡುಕ ನಿಂತಿತು. ಸೀಳಿನಿಂದ ಹೆಚ್ಚಿನ ಗಾಳಿ ಒಳಗೆ ಹೋಗುತ್ತಿದೆ, ನಿಂತಾಗ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಆದ್ದರಿಂದ ಆಗ ಮಾತ್ರ ಗಾಳಿ-ಪೆಟ್ರೋಲಿನ ಲೆಕ್ಕ ತಪ್ಪುತ್ತದೆ ಎಂದು ವಿವರಿಸಿದರು.

"ಮುಂಜಾನಿಂದ ಹಿಂದ ಕೂತೀದಿ. ಒಂದ್ ಮಾತು ಹೇಳಬಾರದಾ?" ಎಂದ ಬೀರಪ್ಪ.

"ನಿನಗ ಒಳ್ಳೇದಾಗ್ಲಿ ಅಂತ ಕಟ್ಟಿದ್ದು, ಗಾಡಿ ಕೆಡಸ್ತದಂತ ನನಗೇನ್ ಗೊತ್ತೋ?"

ಚಾಂದಪಾಶಾ ಬ್ಲೇಡು ತೆಗೆದರು. ದಾರ ಕಡಿಯಬಾರದು ಎಂದು ಮಾಳಮ್ಮ ಅಡ್ಡ ನಿಂತರು. ಗಂಟು ಬಿಚ್ಚಲು ಆಗುವಂತಿರಲಿಲ್ಲ. ಎಂಜಿನ್ ನಿಲ್ಲಿಸಿ, ತಣ್ಣಗಾಗುವವರೆಗೆ ಕಾದು, ಪೈಪನ್ನೇ ಕಿತ್ತು, ದಾರವನ್ನು ಬಳೆ ಜಾರಿಸಿದಂತೆ ತುದಿಯಿಂದ ಜಾರಿಸಿ ತೆಗೆದರು. "ತಗೋ ಮೌಸಿ, ನಿನ್ನ ಗಂಟು ನಿನ್ನ ಕೈಯಾಗೇ ಅದ." ಪೈಪಿನ ಸೀಳಿದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಕೂಡಿಸಿ ಕ್ಲಿಪ್ ಬಿಗಿದರು. ಕಾರು ನಿಂತಿದ್ದರೂ ಎಂಜಿನ್ ನಡುಗದೆ ಓಡಿತು.

ಅಲ್ಲಿಂದ ಹುಮನಾಬಾದಿನವರೆಗೆ ರಸ್ತೆಯ ಎರಡೂ ಬದಿ ತೊಗರಿ ಕಟಾವಿಗೆ ಬಂದಿತ್ತು. ಧಾನ್ಯದ ಮಾರುಕಟ್ಟೆಯ ಮುಂದೆ ಲಾರಿಗಳ ಸಾಲು. ಕೈಗಾರಿಕಾ ಪ್ರದೇಶದಲ್ಲಿ ಮೂಗಿಗೆ ಏರುವ ಔಷಧದ ವಾಸನೆ.

ಗೇಟಿನಲ್ಲಿ ಮೇಲ್ವಿಚಾರಕರು ಎಸಿ ಹಾಕಿಸಿ, ಎಂಜಿನ್ನಿನ ಮುಚ್ಚಳದ ಮೇಲೆ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಗ್ಲಾಸ್ ಇಟ್ಟರು. ನೀರಿನ ಮೇಲೆ ಸಣ್ಣ ಉಂಗುರಗಳು ಎದ್ದವು. ಚೆಲ್ಲಲಿಲ್ಲ. ಟೈರುಗಳನ್ನು ನೋಡಿ, ಕಾರಿನ ನಂಬರ್ ಬರೆದುಕೊಂಡು, "ನಾಳಿ ಮೊದಲ ಪಾಳಿಗೆ ಬಾ" ಎಂದರು. ಮಾಳಮ್ಮ ಗೇಟಿನಾಚೆ ಬೇವಿನ ಮರದಡಿ, ಮುಷ್ಟಿ ಬಿಗಿದು ನಿಂತಿದ್ದರು.

ಬಸ್ ನಿಲ್ದಾಣದಲ್ಲಿ ಬೀರಪ್ಪ ತಾಯಿಯ ಮುಂದೆ ಅಂಗೈ ಚಾಚಿದ. "ಕೊಡಿಲ್ಲಿ."

"ಯಾಕ, ಒಗೀತಿಯೇನ?"

ಬೀರಪ್ಪ ದಾರವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮಾಳಮ್ಮ ನಿರ್ಣಾದ ಬಸ್ಸು ಹತ್ತಿದರು. ನಾನು ಕಲಬುರಗಿಯ ಬಸ್ಸು ಹತ್ತಿದೆ.

ಮುಂದಿನ ವಾರ ಬೀರಪ್ಪನಿಗೆ ಫೋನ್ ಮಾಡಿದಾಗ ಕಾರು ಮೊದಲ ಪಾಳಿಗೆ ಓಡುತ್ತಿತ್ತು. ಕರಿದಾರ ಚಾಲಕನ ಸೀಟಿನ ಕೆಳಗೆ, ಕಬ್ಬಿಣದ ಪಟ್ಟಿಗೆ ಸುತ್ತಿಕೊಂಡಿದೆ. ಕಟ್ಟಿದವನು ಬೀರಪ್ಪ.