ಬಿಸಿನೀರಿಗೆ ಹಾಕಿದ ಕಂಬಳಿ

ಉದಗೀರದ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಯೋಗಶಾಲೆಯಲ್ಲಿ ನೀನು ಮಾಡುವುದಾದರೂ ಏನು ಎಂದು ನಾನು ಊರಿಗೆ ಹೋದಾಗಲೆಲ್ಲ ಅಪ್ಪ ಕೇಳುತ್ತಿದ್ದ. ಗುಂಜೋಟಿಯ ಕುರಿಗಾರನಿಗೆ ಪಾಲಿಮರ್ ಹೇಗೆ ತಿಳಿಸುವುದು ಎಂಬ ಜಂಬ ನನಗೆ. ಒಮ್ಮೆ ಮಾತ್ರ ಹೊಲದ ಬದುವಿನ ಮೇಲೆ ಕೂತು ಸರಿಯಾಗಿ ಹೇಳಿದೆ. ನಾನು ಮಾಡುವ ಪಾಲಿಮರ್ ಒಂದು ಉದ್ದನೆಯ ಸರಪಳಿ; ಅರ್ಧಕ್ಕೆ ನೀರು ಇಷ್ಟ, ಇನ್ನರ್ಧಕ್ಕೆ ನೀರೆಂದರೆ ಆಗದು. ನೀರಿಗೆ ಬಿಟ್ಟರೆ ನೀರು ಆಗದ ಅರ್ಧಗಳೆಲ್ಲ ಒಳಗೆ ಸೇರಿ ಉಂಡೆಯಾಗುತ್ತವೆ. ಎಣ್ಣೆಯಂಥದ್ದಕ್ಕೆ ಬಿಟ್ಟರೆ ಅವೇ ಸರಪಳಿಗಳು ಒಳಗಿನದನ್ನು ಹೊರಗೆ ಮಾಡಿ ಕೂಡುತ್ತವೆ. ಯಾರೂ ಜೋಡಿಸುವುದಿಲ್ಲ.

ಅಪ್ಪ ಎದುರಿಗಿದ್ದ ಕುರಿಗಳನ್ನು ತೋರಿಸಿದ. ಸುಡುಬಿಸಿಲಿಗೆ ಅವು ಒಂದರ ಹೊಟ್ಟೆಯ ಕೆಳಗೊಂದು ತಲೆ ತೂರಿಸಿ ಗುಂಪುಗಟ್ಟಿದ್ದವು.

"ಹಿಂಗೇನು? ತಲಿಗಿ ಬಿಸಲ ಆಗಂಗಿಲ್ಲ, ಬೆನ್ನಿಗಿ ಉಣ್ಣೆ ಅದ. ಸಂಜಿಕ ನೋಡು, ತಾವೇ ಚದುರ್ತಾವ. ಇದಕ್ಕ ಇಷ್ಟು ವರ್ಷ ಸಾಲಿ ಕಲತಿ ಏನವ್ವಾ?"

ಇವತ್ತಿಗೂ ತರಗತಿಯಲ್ಲಿ ಆ ಕುರಿಗಳನ್ನೇ ಹೇಳುತ್ತೇನೆ, ಮರಾಠಿಯಲ್ಲಿ. ಅಪ್ಪ ಹೇಳಿದ್ದು ಅಂತ ಮಾತ್ರ ಹೇಳುವುದಿಲ್ಲ.

ಅವ್ವ ತೀರಿಕೊಂಡು ಆಗ ಎರಡು ವರ್ಷ. ಆಕೆಯ ಸೀರೆಗಳನ್ನೆಲ್ಲ ಅಪ್ಪ ಬಳಗಕ್ಕೆ ಕೊಟ್ಟುಬಿಟ್ಟಿದ್ದ. ತನಗೆಂದು ಉಳಿಸಿಕೊಂಡದ್ದು ಅವ್ವ ನೂತ ನೂಲಿನ ಕಪ್ಪು ಕಂಬಳಿ ಒಂದೇ. ಬೀರಪ್ಪನ ಒಕ್ಕಲಾದ ನಮ್ಮಲ್ಲಿ ಕಂಬಳಿಗೆ ಸಾಬೂನು ತಾಕಿಸುವುದಿಲ್ಲ. ಝಾಡಿಸಿ ಬಿಸಿಲಿಗೆ ಹಾಕುತ್ತಾರೆ, ಅಷ್ಟೇ. ದೇವರ ಗದ್ದಿಗೆಗೆ ಹಾಸುವ ವಸ್ತುವಿಗೆ ಮೈಲಿಗೆ ಎಲ್ಲಿಯದು ಎನ್ನುತ್ತಾರೆ. ನನಗೆ ಅದು ಕೊಳಕಿಗೆ ಕೊಟ್ಟ ನೆಪವಾಗಿ ಕಾಣುತ್ತಿತ್ತು. ಆ ವರ್ಷದ ದೀಪಾವಳಿ ರಜೆಯಲ್ಲಿ ಅಪ್ಪ ಕಂಬಳಿಯನ್ನು ಗೂಟಕ್ಕೆ ಹಾಕಿ ಉಮರ್ಗಾದ ಬಜಾರಕ್ಕೆ ಹೋದದ್ದೇ ತಡ, ಹಂಡೆಯಲ್ಲಿ ನೀರು ಕುದಿಸಿ, ಬಟ್ಟೆ ಪುಡಿ ಸುರಿದು, ಅದನ್ನು ಅದ್ದಿ ಕೋಲಿನಿಂದ ಕುಟ್ಟಿದೆ. ಅಪ್ಪ ಬಂದು ಖುಷಿಪಡುತ್ತಾನೆ ಅಂದುಕೊಂಡಿದ್ದೆ.

ಸಾಬೂನಿನ ಕಣಕ್ಕೂ ಎರಡು ತುದಿ, ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಜಿಡ್ಡು. ಕಣಗಳು ಜಿಡ್ಡಿನ ಸುತ್ತ ಉಂಡೆಕಟ್ಟಿ ಅದನ್ನು ನೀರಿಗೆ ಎಳೆದೊಯ್ಯುತ್ತವೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಕೊಡುವವಳು ನಾನೇ. ಕಂಬಳಿಯೊಳಗೆ ಮಳೆನೀರು ಇಳಿಯದಂತೆ ನೋಡಿಕೊಳ್ಳುವುದು ಆ ಜಿಡ್ಡು ಎಂದು ಗೊತ್ತಿತ್ತು. ಕುದಿನೀರಿನಲ್ಲಿ ಕುಟ್ಟಿದ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಮತ್ತೆ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುವುದು ನನ್ನಂಥ ದಡ್ಡಿಯನ್ನು ನೋಡಿಯೇ.

ಒಣಗಿದ ಕಂಬಳಿ ಹಲಗೆಯಂತೆ ಬಿರುಸಾಗಿ ಕುಗ್ಗಿತ್ತು. ಅಪ್ಪ ಅದನ್ನು ಕುತ್ತಿಗೆಗೆ ಹಿಡಿದು ನೋಡಿದ, ಮೊಣಕಾಲಿಗೇ ಮುಗಿಯಿತು. ಆಮೇಲೆ ಮೂಗಿಗೆ ಹಿಡಿದ.

"ಆಕಿ ವಾಸನಿ ಹೋಯ್ತಲ್ಲವ್ವಾ."

ನಾನು ಅಳತೊಡಗಿದೆ. ಆಗ ಅಪ್ಪನೇ ನಕ್ಕ. "ಇರ್ಲಿ ಬಿಡು. ನಾನೂ ವಯಸ್ಸಾಗಿ ಕುಗ್ಗಲಾಕತ್ತೀನಿ. ನನಗ ಸಾಕಾಗ್ತದ."

ನಿಲಂಗಾದ ಸಂತೆಯಿಂದ ದೊಡ್ಡದೊಂದು ಹೊಸ ಕಂಬಳಿ ತಂದುಕೊಟ್ಟೆ. ಅದನ್ನು ಮಡಚಿ ತಲೆಯಡಿಗಿಟ್ಟುಕೊಂಡು, ಹಳೆಯದನ್ನೇ ಹೊದ್ದುಕೊಂಡ. ಆ ಚಳಿಗಾಲದಿಂದ ಅಪ್ಪ ಮೊಣಕಾಲನ್ನು ಎದೆಗೆ ಮಡಚಿ ಮಲಗಲು ಕಲಿತ.

ಹೋದ ವರ್ಷ ಅಪ್ಪ ಹೋದ. ಮಣ್ಣಿಗೆ ಒಯ್ಯುವ ಮುಂಚೆ ನನ್ನ ತಮ್ಮ ಆ ಹೊಸ ಕಂಬಳಿ ತಂದ. ಸೋದರತ್ತೆ ಬೇಡವೆಂದಳು. "ಆಕಿ ನೂತದ್ದೇ ಹೊದಸ್ರಿ. ಅಂವಗ ಅದೇ ಬೇಕಿತ್ತು."

ಹೊದಿಸಿದರು. ಈ ಸಲ ಅಪ್ಪ ಕಾಲು ನೀಡಿ ಮಲಗಿದ್ದ. ಎತ್ತುವವರೆಗೂ ನಾನು ಹೊರಗುಳಿದ ಆ ಕಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಕೂತಿದ್ದೆ. ಎರಡು ಕೈ ಸಾಲಲಿಲ್ಲ.