ಸ್ಟೆಂಟು, ಪಾನಕ ಮತ್ತು ಒಂದು ಸಂಜೆಯ ನಿದ್ದೆ

ಬೆಳಿಗ್ಗೆ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗೋಲಿಯ ಅರ್ಧ ಎಳೆ ಎಳೆದು ಒಳಗೆ ಓಡಿದೆ. ವಾಪಸ್ ಬಂದು ಉಳಿದರ್ಧ ಮುಗಿಸಿದೆ. ‘ಎದ್ದು’ ಎನ್ನುವುದು ಬರೀ ಮಾತಿಗೆ. ಮಲಗಿದ್ದರಲ್ಲವೇ ಏಳುವುದು?

ನನ್ನ ಕಿಡ್ನಿಯ ಕಲ್ಲು ತೆಗೆದ ಡಾಕ್ಟರು, ದಾರಿ ಕಟ್ಟಿಕೊಳ್ಳದಿರಲೆಂದು ಒಳಗೊಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟು ಕಳಿಸಿದ್ದರು. ಸ್ಟೆಂಟ್ ಅಂತೆ. ತೆಗೆಯಲು ಇನ್ನೂ ಒಂದು ವಾರವಿತ್ತು. ಮೂತ್ರಕೋಶ ಖಾಲಿಯಿದ್ದರೂ ತುಂಬಿದೆ ಎಂದು ಚಾಡಿ ಹೇಳುವುದೇ ಅದರ ಕೆಲಸ. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಚುಚ್ಚಿ ಎಬ್ಬಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ: ಮಧ್ಯೆ ಎಚ್ಚರವಾಗದ ಒಂದಿಷ್ಟು ನಿದ್ದೆ.

ಅದಕ್ಕೆ ಮಾತ್ರೆ ಇರಲಿಲ್ಲವೆಂದಲ್ಲ; ಬಾಯಿಬಿಟ್ಟು ಹೇಳಿದ್ದರೆ ಬರೆದುಕೊಡುತ್ತಿದ್ದರು. ಡಾಕ್ಟರು ಫೋನಿನಲ್ಲಿ ಕೇಳಿಯೇ ಇದ್ದರು, “ಯೂರಿನ್ ಹೇಗಿದೆಯಮ್ಮ, ಅರ್ಜೆಂಟಾಗಿ ಬರುತ್ತಾ?” ಬಾತ್‌ರೂಮಿಗೆ ಹೋಗಲೂ ‘ಎಕ್ಸ್‌ಕ್ಯೂಸ್ ಮಿ, ಸಿಸ್ಟರ್’ ಎಂದು ನೆಲ ನೋಡುತ್ತಾ ಕೇಳಬೇಕಿದ್ದ ಕಾನ್ವೆಂಟಿನಲ್ಲಿ ಓದಿದವಳು ನಾನು. “ಐ ಆಮ್ ಫೈನ್, ಥ್ಯಾಂಕ್ ಯೂ ಡಾಕ್ಟರ್,” ಎಂದುಬಿಟ್ಟೆ. ಯಜಮಾನರು ಹಣೆ ಚಚ್ಚಿಕೊಂಡರು.

ಸಾಲದ್ದಕ್ಕೆ ಅಂದು ರಾಮನವಮಿ. ನಮ್ಮ ಚಾಮರಾಜಪೇಟೆಯಲ್ಲಿ ಆ ದಿನ ಪಾನಕ, ಮಜ್ಜಿಗೆ ಕುಡಿಸದೆ ಯಾರನ್ನೂ ಮುಂದಕ್ಕೆ ಬಿಡುವುದಿಲ್ಲ. ಪ್ರಸಾದ; ಬೇಡವೆನ್ನುವಂತಿಲ್ಲ. ಮಧ್ಯಾಹ್ನ ಮಲಗೋಣವೆಂದು ದಿಂಬಿಗೆ ತಲೆ ಕೊಟ್ಟರೆ ಕಾಲಿಂಗ್ ಬೆಲ್. ಪಕ್ಕದ ಮನೆಯಾಕೆ ಸ್ಟೀಲ್ ತಂಬಿಗೆಯ ತುಂಬ ಪಾನಕ ಹಿಡಿದು ನಿಂತಿದ್ದರು. ಮೇಲೆ ತೇಲುವ ಏಲಕ್ಕಿ ಸಿಪ್ಪೆ, ಅಂಚಿಗಂಟಿದ ಒಂದು ತುಳಸಿ ಎಲೆ.

“ಕುಡೀರಿ, ಕಲ್ಲಿಗೆ ಒಳ್ಳೇದು.”

“ಕಲ್ಲು ತೆಗೆದಾಯ್ತಲ್ಲಾ...”

“ಮತ್ತೆ ಬರಬಾರ್ದಲ್ರೀ!”

“ಡಾಕ್ಟ್ರೂ ಚೆನ್ನಾಗಿ ಕುಡೀಬೇಕು ಅಂದಿದಾರೆ,” ಎಂದು ಒಳಗಿನಿಂದ ನಮ್ಮ ಯಜಮಾನರು ಒಗ್ಗರಣೆ ಹಾಕಿದರು. ಆಕೆ ಇನ್ನೊಂದು ಲೋಟ ಬಗ್ಗಿಸಿದರು. ಆಮೇಲೆ ಎದುರು ಮನೆಯ ಮಜ್ಜಿಗೆ ಬಂತು, ಮೂಲೆ ಮನೆಯ ಕರಬೂಜದ ಪಾನಕ ಬಂತು. ನಾನು ಮಲಗುವ ಕೋಣೆಗೂ ಬಾತ್‌ರೂಮಿಗೂ ಮಗ್ಗದ ಲಾಳಿಯಂತೆ ಓಡಾಡಿದೆ.

ಸಂಜೆ ಆಕೆಯೇ ಮತ್ತೆ ಬಂದು, “ಮನೇಲಿದ್ರೆ ನೋವೇ ಜಾಸ್ತಿ. ಸಂಗೀತ ಕಚೇರಿಗೆ ಬಂದ್ಬಿಡಿ,” ಎಂದು ಎಳೆದುಕೊಂಡು ಹೋದರು. ಸ್ಕೂಲ್ ಮೈದಾನದ ಚಪ್ಪರದಲ್ಲಿ ಹಾಡುಗಾರಿಕೆ. ನಾನು ಎಲ್ಲಕ್ಕಿಂತ ಮೊದಲು ಟಾಯ್ಲೆಟ್ ಎಲ್ಲಿದೆಯೆಂದು ನೋಡಿ, ಅದರ ದಿಕ್ಕಿಗಿದ್ದ ಕೊನೆಯ ಕುರ್ಚಿ ಹಿಡಿದೆ. ಮುಂದಿನ ಸಾಲಿನ ಹೆಂಗಸಿನ ಜಡೆಯಲ್ಲಿ ಮಲ್ಲಿಗೆ ದಂಡೆ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಗಾಯಕರು ಆಲಾಪನೆ ಎತ್ತಿಕೊಂಡರು. ದಂಡೆ ಇನ್ನೇನು ಬೀಳುತ್ತದೆ ಎಂದು ನೋಡುತ್ತಿದ್ದೆ. ಅದು ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮತ್ತೆ ಕಣ್ಣು ಬಿಟ್ಟಾಗ ಮಂಗಳ ಹಾಡುತ್ತಿದ್ದರು. ಕತ್ತು ಹಿಡಿದುಕೊಂಡಿತ್ತು, ಸೆರಗಿನ ಮೇಲೆ ಒಂದಿಷ್ಟು ಜೊಲ್ಲು. ಮೈಯೆಲ್ಲ ಹಗುರ. ಆ ದರಿದ್ರ ಸ್ಟೆಂಟು ಇಷ್ಟು ಹೊತ್ತು ನನ್ನನ್ನು ಕರೆದೇ ಇರಲಿಲ್ಲ. ಎಚ್ಚರವಾದದ್ದು ತಿಳಿದ ಕೂಡಲೇ ಕರೆಯಿತು, ಆ ಮಾತು ಬೇರೆ.

ಓಡಿಹೋಗಿ ಬಂದೆ. ಗೇಟಿನ ಹತ್ತಿರ ಪಕ್ಕದ ಮನೆಯಾಕೆ ಚಪ್ಪಲಿ ಹುಡುಕುತ್ತಾ, ನನ್ನ ಕಡೆ ತಿರುಗದೆಯೇ ಅಂದರು:

“ಹಾಡು ನಿಲ್ಸಿ ಮೃದಂಗದೋರು ಒಬ್ರೇ ಬಾರಿಸೋ ತನಿ ಶುರುವಾಗಿದ್ದೇ ತಡ, ಜನ ಎಲ್ಲಾ ಬಾತ್‌ರೂಮಿಗೆ ಎದ್ರು ನೋಡಿ. ನೀವೊಬ್ರೇ ಕಣ್ಮುಚ್ಚಿ ತಲೆ ತೂಗ್ತಾ ಕೂತಿದ್ರಿ. ಪಾಪ, ಮೃದಂಗದೋರು ನಿಮ್ಮನ್ನೇ ನೋಡ್ಕೊಂಡು ಇನ್ನೂ ಹತ್ನಿಮಿಷ ಜಾಸ್ತಿ ಬಾರಿಸ್ಬಿಟ್ರು!”