ನೆಲ ನೋಡುವ ಚಾಳಿ

ಚೀನಾ ಯುದ್ಧದ ಮರುವರ್ಷ ಸೈನ್ಯ ಸೇರಿದ ನನಗೆ ಬೂಟಿಗಿಂತ ಕಷ್ಟವಾದದ್ದು ತಲೆಯೆತ್ತಿ ನಡೆಯುವುದು. ಹೊಸನಗರದ ಕಾಡುದಾರಿಯಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ನೋಡಿಕೊಂಡೇ ಹೆಜ್ಜೆಯಿಟ್ಟು ಬೆಳೆದವನು ನಾನು. ಕವಾಯತಿನಲ್ಲೂ ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು. ಹವಾಲ್ದಾರ "ಸಾಮ್ನೆ ದೇಖ್!" ಮುಂದೆ ನೋಡು ಎಂದು ಗದರಿ, ಬಂದೂಕನ್ನು ತಲೆಯ ಮೇಲೆ ಹಿಡಿಸಿ ಮೈದಾನ ಸುತ್ತಿಸುತ್ತಿದ್ದ. ಹುಲ್ಲೂ ಹುಟ್ಟದ ಆ ಮೈದಾನಕ್ಕೆ ಉಂಬಳ ಎಲ್ಲಿಂದ ಬರಬೇಕು! ಅಂತೂ ತರಬೇತಿ ಮುಗಿಯುವಷ್ಟರಲ್ಲಿ ಚಾಳಿ ಬಿಟ್ಟಿತು.

ಮಳೆಗಾಲದಲ್ಲಿ ರಜೆಗೆ ಬಂದವನು ಬಸ್ಸಿಳಿದು, ಪ್ಯಾಂಟು ಮೊಣಕಾಲಿಗೆ ಮಡಚಿ, ಎದೆಯುಬ್ಬಿಸಿ, ನೇರ ನೋಡುತ್ತಾ ಮನೆಗೆ ನಡೆದೆ. ಅಮ್ಮ ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದಳು. ಮೀನಖಂಡದಲ್ಲಿ ನಾಲ್ಕು ಉಂಬಳ ರಕ್ತ ಕುಡಿದು ಊದಿಕೊಂಡಿದ್ದವು.

"ಇಷ್ಟು ದಿನ ಅಲ್ಲಿ ಎಂತ ಕಲ್ತೆ ಮಾರಾಯ? ನಡೆಯೋದೇ ಮರ್ತು ಬಂದೀಯಲ್ಲ!"